ಮೀಟರ್ ಇಲ್ಲದ ವಾದ್ಯ

ಲಿಂಗರಾಜಪುರದ ಅಡ್ಡರಸ್ತೆಯೊಂದರಲ್ಲಿ
ಮೆಟ್ಟಿಲ ಕೆಳಗೆ ಹನ್ನೆರಡು ಮೀಟರುಗಳ ಸಾಲು.
ಅದರ ಪಕ್ಕ ಗೋಡೆಗೆ ಒರಗಿ ನಿಂತಿತ್ತು,
ಬಾಡಿಗೆಯವರು ಬಿಟ್ಟುಹೋದ ಗಿಟಾರು.
ಮಾರ್ಚಿನಲ್ಲಿ ಆರು ತಂತಿ, ಏಪ್ರಿಲ್‌ನಲ್ಲಿ ಐದು.
ಓದುವುದೇ ನನ್ನ ಕೆಲಸ, ಅದನ್ನೂ ಓದಿಕೊಂಡೆ.
ಮೇ ತಿಂಗಳು ಓನರಮ್ಮ ಅಂದರು:
"ತಗೊಂಡ್ಹೋಗಿ, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ."

ಬಿಲ್ಲಿನ ಯಂತ್ರ ಒಂದು ಹೆಗಲಿಗೆ, ಇದು ಇನ್ನೊಂದಕ್ಕೆ,
ಉಳಿದ ನಲವತ್ತು ಮನೆ ಹಾಗೇ ಮುಗಿಸಿದೆ.
ದಿನಾ ಬೊಗಳುವ ನಾಯಿಗಳು ಅವತ್ತು ಬೊಗಳಲಿಲ್ಲ,
ಯಾರೋ ಬೇರೆಯವಳು ಅಂದುಕೊಂಡವು.

ದಾರಿ ಹೇಳಿದ್ದು ತಂತಿ ಮಾರುವ ಅಂಗಡಿಯ ಹುಡುಗ:
"ಭಾನುವಾರ ಹತ್ತಕ್ಕೆ, ಸೈಕಲ್ ಶಾಪಿನ ಮೇಲಿನ ತಾರಸಿ.
ಫೀಸಿಲ್ಲ. ಟೀ ದುಡ್ಡು ನಿಮ್ಮದೇ."
ಮೂರು ಭಾನುವಾರ ಕೆಳಗೇ ನಿಂತು ವಾಪಸ್ಸು ಬಂದೆ.
ಪಂಕ್ಚರ್ ಇಲ್ಲದ ಗಿರಾಕಿಗೆ
ಮಸ್ತಾನ್ ಸಾಬರು ಸ್ಟೂಲು ಕೊಟ್ಟರು, ಏನೂ ಕೇಳಲಿಲ್ಲ.
ನಾಲ್ಕನೆಯದಕ್ಕೆ ಹತ್ತಿದೆ.

"ಹೆಸರು?"
"ಪುಟ್ಟನಂಜಮ್ಮ."
"ಎಷ್ಟು ವರ್ಷ?"
"ನಲವತ್ತನಾಲ್ಕು."
ನುಡಿಸೋಕೆ ಶುರುಮಾಡಿ ಎಷ್ಟು ವರ್ಷ ಅಂತ ಕೇಳಿದ್ದಂತೆ.
ನಕ್ಕರು. ನಕ್ಕಾಗ ಒಬ್ಬೊಬ್ಬರ ತೊಡೆಯ ಮೇಲೂ
ತಂತಿಗಳು ತಾವಾಗಿ ಸಣ್ಣಗೆ ಗುಂಯ್ ಅಂದವು,
ಹೊಟ್ಟೆ ಕುಲುಕಿದ್ದು ಮರಕ್ಕೆ ತಾಗಿ.

ನಿಜ ಹೇಳಬೇಕೆಂದರೆ ಅವತ್ತು ಯಾರೂ ಏನೂ ನುಡಿಸಲಿಲ್ಲ.
ಒಂದು ಗಂಟೆ ನನ್ನದನ್ನು ಶ್ರುತಿಗೆ ತಂದರು.
ಕಣ್ಣಾಸ್ಪತ್ರೆಯ ನರ್ಸು ತಬಸ್ಸುಮ್
ಹೊಲಿಗೆ ಹಾಕುವ ಹಾಗೆ ಉಸಿರು ಹಿಡಿದು
ಹರಿದ ತಂತಿಯ ಜಾಗಕ್ಕೆ ಹೊಸದು ಪೋಣಿಸಿದಳು.
ಐಟಿಐ ಕಾರ್ಖಾನೆಯಲ್ಲಿ ಮೂವತ್ತು ವರ್ಷ
ಟೆಲಿಫೋನುಗಳಿಗೆ ಕಿವಿಕೊಟ್ಟ ಸೆರಾಫಿನ್ ಅಂಕಲ್
ಕಣ್ಣು ಮುಚ್ಚಿ, "ಇನ್ನೂ ಸ್ವಲ್ಪ, ಇನ್ನೂ, ಅಯ್ಯೋ ದಾಟಿಹೋಯ್ತು."
ದೋಸೆಹಿಟ್ಟು ಮಾರುವ ಇಳಂಗೋ ತನ್ನದನ್ನು ಮೀಟಿ ಕಾದ,
ನನ್ನದು ಬಂದು ಕೂಡಲಿ ಅಂತ.
ನಾಲ್ಕನೆಯವರು ಹೆಸರು ಹೇಳಲಿಲ್ಲ, ಇವತ್ತಿಗೂ.

ಎರಡು ಸದ್ದಿನ ನಡುವೆ ಒಂದು ನಡುಕ ಇರುತ್ತದೆ,
ಹತ್ತಿರ ಬಂದಷ್ಟೂ ನಿಧಾನ, ಇನ್ನೂ ನಿಧಾನ,
ಆಮೇಲೆ ಇರುವುದಿಲ್ಲ.
ಅದು ಹೋದದ್ದು ಕಿವಿಗಿಂತ ಮೊದಲು
ನನ್ನ ಪಕ್ಕೆಲುಬಿಗೆ ಗೊತ್ತಾಯಿತು.
ಇಪ್ಪತ್ತು ವರ್ಷ ಮೀಟರು ನೋಡಿದ್ದೇನೆ,
ಮೀಟಿದ್ದು ಅವತ್ತೇ.

ಜಡ್ಡುಗಟ್ಟುವುದೆಂದರೆ ಬೈಗುಳ ಅಂದುಕೊಂಡಿದ್ದೆ,
ನಮ್ಮ ಆಫೀಸಿನ ಬಗ್ಗೆ ಪೇಪರಿನವರು ಹಾಗೇ ಬರೆಯುವುದು.
ಇಲ್ಲಿ ಅದನ್ನು ಮುಟ್ಟಿ ನೋಡಿ ಭೇಷ್ ಅನ್ನುತ್ತಾರೆ.
ಬೆರಳ ತುದಿ ಮೊದಲು ಉರಿಯಿತು,
ಸಾರಿನ ಪಾತ್ರೆ ಮುಟ್ಟಲಾಗಲಿಲ್ಲ,
ಸಿಪ್ಪೆ ಎದ್ದಿತು, ಗಟ್ಟಿಯಾಯಿತು.
ಆಷಾಢದ ಹೊತ್ತಿಗೆ ಹಾಜರಿ ಯಂತ್ರಕ್ಕೆ
ನನ್ನ ಎಡಗೈ ತೋರುಬೆರಳು ಗುರುತೇ ಹತ್ತಲಿಲ್ಲ.
ಮತ್ತೊಮ್ಮೆ ಇಡಿ, ಮತ್ತೊಮ್ಮೆ ಇಡಿ.
ಸಾಹೇಬರು ಅರ್ಜಿ ಬರೆಸಿಕೊಂಡರು, ಕಾರಣ ಸಮೇತ.
'ಎಫ್ ಹಿಡಿಯುವ ಪ್ರಯತ್ನ' ಅಂತ ಬರೆಯಬೇಕಿತ್ತು.
'ಮನೆಗೆಲಸ' ಅಂತ ಬರೆದೆ.

ಮೊನ್ನೆ ಭಾನುವಾರ ಕರೆಂಟು ಹೋಯಿತು.
ಗ್ರೈಂಡರು ನಿಂತಿತು, ಎದುರುಮನೆಯ ಟಿವಿ, ನೀರಿನ ಮೋಟರು,
ಚರ್ಚಿನ ಮೈಕು ಅರ್ಧ ಮಾತಿಗೆ.
ಎಲ್ಲರೂ ನನ್ನ ಮುಖ ನೋಡಿದರು, ನಾನೇ ತೆಗೆದ ಹಾಗೆ.
ಆಮೇಲೆ ಶುರುಮಾಡಿದೆವು.
ಎಷ್ಟು ಯೂನಿಟ್ಟು ಅಂತ ಬರೆಯಲು ಬಾರದ್ದು
ಐದು ಮರದ ಹೊಟ್ಟೆಗಳ ಐದು ತೂತಿನಿಂದ
ಸರಿಯಾಗಿ ಕೂಡದೆ ಹೊರಗೆ ಬಂತು,
ಇಳಂಗೋ ಮುಂದೆ, ನಾನು ಎರಡು ಹೆಜ್ಜೆ ಹಿಂದೆ.
ಎಫ್ ಬಂದಲ್ಲಿ ಸುಮ್ಮನೆ ಕೈ ಎತ್ತಿದೆ.
ನನ್ನ ಪಾಲಿನದನ್ನೂ ನುಡಿಸಿ
ಅವರು ಆಚೆ ದಡಕ್ಕೆ ದಾಟಿಸಿದರು.

ಕರೆಂಟು ಬಂತು. ಗ್ರೈಂಡರು, ಮೋಟರು, ಮೈಕು.
ಕೆಳಗಿಂದ ಮಸ್ತಾನ್ ಸಾಬರ ಕೂಗು:
"ಮೇಡಂ, ಇನ್ನೊಂದ್ಸಲ ತೆಗೀರಿ!"